ಅತ್ತೆಗೂ ಒಂದು ಪಗಾರ

ಬಳ್ಳಾರಿಯ ಪಾರ್ವತಿನಗರದ ನಮ್ಮ ಬಾಡಿಗೆ ಮನೆಯ ಮೇಲಿನ ಮಹಡಿಗೆ ಒಬ್ಬ ನರ್ಸ್ ಬಂದಳು. ಕಂಕುಳಲ್ಲಿ ಏಳು ತಿಂಗಳ ಹೆಣ್ಣುಕೂಸು. ಹೆರಿಗೆ ರಜೆ ಮುಗಿದು ಆಸ್ಪತ್ರೆಗೆ ಹೋಗಬೇಕಾದ ಹಿಂದಿನ ದಿನ ಕೆಳಗಿಳಿದು ಬಂದವಳು ಬಾಗಿಲಲ್ಲೇ ನಿಂತು ಕಣ್ಣೀರು ಹಾಕಿದಳು.

"ಅಕ್ಕಾ, ಒಂದು ವಾರ ನೋಡ್ಕೊಳ್ರಿ. ಅಷ್ಟರಾಗ ಯಾರನ್ನಾದ್ರೂ ಹುಡುಕ್ತೀನಿ."

ಆ ಒಂದು ವಾರ ಇನ್ನೂ ಮುಗಿದಿಲ್ಲ. ಕೂಸು ಈಗ ಎಲ್‌ಕೆಜಿಗೆ ಹೋಗುತ್ತಾಳೆ. ಶಾಲೆ ಬಿಟ್ಟ ಮೇಲೆ ಆಟೊ ಅವಳನ್ನು ನಮ್ಮ ಬಾಗಿಲಿಗೇ ಇಳಿಸುತ್ತದೆ.

ನರ್ಸಿನ ಕೂಸು ನಮ್ಮಲ್ಲಿ ಸುಖವಾಗಿರುವುದನ್ನು ನೋಡಿ, ದಿನಾ ಬಸ್ಸಿನಲ್ಲಿ ಕುರುಗೋಡಿಗೆ ಪಾಠ ಹೇಳಲು ಹೋಗುವ ಒಬ್ಬ ಟೀಚರು ತಮ್ಮ ಮಗನನ್ನು ತಂದು ಬಿಟ್ಟರು. ನನ್ನ ಗಂಡ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಕಟಿಂಗ್ ಮಾಸ್ತರು. ಅಲ್ಲಿ ಹೊಲಿಗೆ ಮಿಷನ್ನಿಗೆ ಕೂರುವ ಹುಡುಗಿಯೊಬ್ಬಳು ತನ್ನ ಅವಳಿ ಮಕ್ಕಳನ್ನು ಕರೆತಂದಳು. ಹೀಗೆ ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ, ಎರಡು ವರ್ಷದಲ್ಲಿ ನಮ್ಮ ಮನೆಯಲ್ಲಿ ಏಳು ಮಕ್ಕಳಾದರು. ಬೆಳಿಗ್ಗೆ ಎಂಟಕ್ಕೆ ಮೊದಲ ಮಗು ಬಂದರೆ, ಸಂಜೆ ಆರರ ನಂತರವೇ ಕೊನೆಯ ಮಗು ಹೋಗುವುದು.

ಎಲ್ಲವನ್ನೂ ನಾನೊಬ್ಬಳೇ ಮಾಡುತ್ತಿದ್ದೆ ಎಂದರೆ ಸುಳ್ಳಾಗುತ್ತದೆ. ಅತ್ತೆ ಇದ್ದರು. ಹಲಕುಂದಿಯಲ್ಲಿ ಹುಟ್ಟಿ ಬೆಳೆದ ಗಟ್ಟಿ ಜೀವ. ಊಟ ಮುಗಿಯುತ್ತಲೇ ಏಳೂ ಮಕ್ಕಳನ್ನು ಪಡಸಾಲೆಯಲ್ಲಿ ಸಾಲಾಗಿ ಮಲಗಿಸಿ, ನಡುವೆ ಕಾಲು ಚಾಚಿ ಕೂತು, ಎಡಗೈಯಲ್ಲಿ ಒಂದನ್ನು ಬಲಗೈಯಲ್ಲಿ ಇನ್ನೊಂದನ್ನು ತಟ್ಟುತ್ತ, ಕಾಲ ಹೆಬ್ಬೆರಳಿನಿಂದ ಮೂರನೆಯದರ ಬೆನ್ನು ಕೆರೆಯುತ್ತ ಏನೋ ಗುನುಗುವರು. ಸ್ವಲ್ಪ ಹೊತ್ತಿಗೆ ಎಲ್ಲವೂ ನಿದ್ದೆ. ನಾನು ತಟ್ಟಿದರೆ ಒಂದೂ ಮಲಗುತ್ತಿರಲಿಲ್ಲ.

ರೊಕ್ಕದ ವಿಷಯ ಮಾತ್ರ ಗೋಜಲು. ಮಗುವಿಗೆ ತಿಂಗಳಿಗೆ ಸಾವಿರದ ಐನೂರು ಎಂದು ನಾನು ಹೇಳಿದ್ದು ಬಾಯಿಗೆ ಬಂದ ಲೆಕ್ಕ. ತಾಯಂದಿರು ಅದನ್ನು ನನ್ನ ಗಂಡನ ಫೋನಿಗೆ ಹಾಕುತ್ತಿದ್ದರು. ಅದೇ ಖಾತೆಯಿಂದ ಮನೆ ಬಾಡಿಗೆ, ಪೆಟ್ರೋಲು, ಮಗನ ಶಾಲೆ ಫೀಸು, ಸಂತೆ ಎಲ್ಲ. ಕೆಲವು ತಾಯಂದಿರು ಕೈಗೇ ಕೊಡುತ್ತಿದ್ದರು, ಅದು ಅಡುಗೆಮನೆಯ ಸಾಸಿವೆ ಡಬ್ಬಿಗೆ ಹೋಗಿ ಅಲ್ಲಿಂದಲೇ ಕರಗುತ್ತಿತ್ತು.

ಒಂದು ತಿಂಗಳ ಕೊನೆಯಲ್ಲಿ ಹಾಲಿನವನು ಬಾಕಿ ಕೇಳಿದ. ಡಬ್ಬಿಯಲ್ಲಿ ಏನೂ ಇರಲಿಲ್ಲ, ಗಂಡನ ಖಾತೆಯಲ್ಲೂ ಇರಲಿಲ್ಲ. ಹಾಲಿನವನು ಹೋದ ಮೇಲೆ ಇವರು ಕೇಳಿದರು: "ಅಲ್ಲಾ, ಏಳು ಮಕ್ಕಳ ರೊಕ್ಕ ಎಲ್ಲಿ ಹೋತು?"

ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದರು. ಅದಕ್ಕೇ ನನಗೆ ಹೆಚ್ಚು ನೋವಾಯಿತು, ಯಾಕೆಂದರೆ ನನಗೂ ತಿಳಿದಿರಲಿಲ್ಲ.

"ಏನೂ ಉಳಿಯಂಗಿಲ್ಲಂದ್ರ ಬಿಟ್ಟುಬಿಡು," ಅಂದರು. "ನಿನಗೂ ದಣಿವು, ಅವ್ವಗೂ ದಣಿವು."

ಬಿಡುವುದು ನನಗೆ ಬೇಕಿರಲಿಲ್ಲ. ಆ ಮಕ್ಕಳು ಬಂದ ಮೇಲೆ ನಾನು ಬೆಳಿಗ್ಗೆ ಏಳುವ ರೀತಿಯೇ ಬದಲಾಗಿತ್ತು. ಆದರೆ ಉತ್ತರವಿಲ್ಲದೆ ಜಗಳಕ್ಕೆ ನಿಲ್ಲುವುದು ಹೇಗೆ? ಆ ಭಾನುವಾರ ಬಸ್ಸು ಹತ್ತಿ ಕುರುಗೋಡಿಗೆ, ಅಕ್ಕನ ಹತ್ತಿರ ಹೋದೆ.

ಅಕ್ಕ ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಭಾವನಿಗೆ ಬೆನ್ನು ನೋವು ಬಂದು ಚೀಲ ಎತ್ತಲಾಗದೆ ಹೋದಾಗಿನಿಂದ ಅವಳೇ ಯಜಮಾನಿ. ನಾನು ಹೋದಾಗ ಹುಬ್ಬು, ರೆಪ್ಪೆ, ಮುಂದಲೆ ಎಲ್ಲ ಬೆಳ್ಳಗಾಗಿ ಅಜ್ಜಿಯಂತೆ ಕಾಣುತ್ತಿದ್ದಳು. ನನ್ನ ಮುಖ ನೋಡಿದವಳೇ ಮೋಟಾರು ನಿಲ್ಲಿಸಿದಳು. ಆ ಸದ್ದು ನಿಂತರೆ ಮಾತ್ರ ಅಲ್ಲಿ ಮಾತು.

ನಾನು ಎಲ್ಲ ಹೇಳಿಕೊಂಡೆ. ಕೇಳಿಸಿಕೊಂಡು ಅವಳು ಕೇಳಿದ ಮೊದಲ ಪ್ರಶ್ನೆ: "ಮಕ್ಕಳ ರೊಕ್ಕಕ್ಕ ಬ್ಯಾರೆ ಖಾತಿ ಐತೇನು?"

"ಇಲ್ಲ."

"ಮತ್ತ ಹೆಂಗ ಗೊತ್ತಾಗ್ತೈತಿ? ನಾ ನನ್ನ ಮನಿ ಜ್ವಾಳ ಬೀಸಿದ್ರೂ ಗಿರಣಿ ಡಬ್ಬಿಗೆ ರೊಕ್ಕ ಹಾಕ್ತೀನಿ. ನಿಮ್ಮ ಭಾವ ನಗ್ತಿದ್ರು ಮೊದಲ. ಈಗ ಅವರೂ ಹಾಕ್ತಾರ."

ಖರ್ಚು ಏನೇನು ಎಂದು ಕೇಳಿದಳು. ಹಾಲು, ತರಕಾರಿ, ಬೇಳೆ, ಮೊಟ್ಟೆ, ಸೋಪು, ಫಿನಾಯಿಲು ಎಂದೆ.

"ಅಕ್ಕಿ?"

"ಅಕ್ಕಿ ಸಿರುಗುಪ್ಪದಿಂದ ಅಣ್ಣ ಕಳಸ್ತಾನಲ್ಲ, ಅದಕ್ಕೇನು ಖರ್ಚು?"

"ಲೇ, ಅಣ್ಣ ನಿನಗ ಕೊಟ್ಟಾನ, ಊರ ಮಕ್ಕಳಿಗೆ ಕೊಟ್ಟಾನೇನು? ಆ ಅಕ್ಕಿ ಮಕ್ಕಳು ಉಣ್ಣದಿದ್ರ ನಿಮ್ಮ ಮನ್ಯಾಗ ಉಳೀತಿತ್ತು. ಅಂಗಡಿ ರೇಟಿಗೆ ಬರಿ."

ಹೀಗೆ ಒಂದೊಂದೇ ಹೊರಗೆ ಬಂತು. ಕರೆಂಟು: ಮಕ್ಕಳಿಲ್ಲದಾಗಿನ ಬಿಲ್ಲು, ಈಗಿನ ಬಿಲ್ಲು ಎರಡನ್ನೂ ಇಟ್ಟು ನೋಡು. ಗ್ಯಾಸು: ಮಕ್ಕಳ ಅಡುಗೆಗೆ ಒಂದು ಸಲ ಬೇರೆ ಸಿಲಿಂಡರ್ ಹಚ್ಚಿ ನೋಡು, ಎಷ್ಟು ದಿನ ಬರುತ್ತದೆ ಗೊತ್ತಾಗುತ್ತದೆ. ಬಾಡಿಗೆ: ಪಡಸಾಲೆ ಹಗಲೆಲ್ಲ ಮಕ್ಕಳದ್ದೇ, ಹಾಗಿದ್ದ ಮೇಲೆ ಬಾಡಿಗೆಯಲ್ಲೂ ಅವರದ್ದೊಂದು ಪಾಲು. ನಾನು ಬೇಸಿಗೆಗೆ ಕೊಂಡ ಕೂಲರನ್ನು ಏನು ಮಾಡಬೇಕು ಎಂದು ಕೇಳಿದೆ. ಅವಳು ಗಿರಣಿಯ ಕಲ್ಲನ್ನು ಅಂಗೈಯಿಂದ ತಟ್ಟಿದಳು.

"ಈ ಕಲ್ಲು ದಿನಾ ಸವೀತೈತಿ. ಕಾಣಂಗಿಲ್ಲ. ಒಂದಿನ ಹಿಟ್ಟು ತರಿತರಿ ಬೀಳಾಕ ಹತ್ತಿತಂದ್ರ ಬದಲಿ ಮಾಡಬೇಕು. ಅವತ್ತು ರೊಕ್ಕ ಎಲ್ಲಿಂದ ತರ್ಲಿ? ಅದಕ್ಕ ತಿಂಗಳಾ ತಿಂಗಳಾ ಕಲ್ಲಿನ ಪಾಲು ತೆಗೆದಿಡ್ತೀನಿ. ನಿನ್ನ ಕೂಲರ್ ಸವಿಯೂದಿಲ್ಲೇನು? ಚಾಪಿ ಹರಿಯೂದಿಲ್ಲೇನು?"

ಕೊನೆಗೆ ಕೇಳಿದಳು: "ಕೆಲಸ ಯಾರ್ಯಾರು ಮಾಡ್ತೀರಿ?"

"ನಾನು, ಅತ್ತಿ."

"ಅತ್ತಿಗೆ ಏನು ಕೊಡ್ತಿ?"

ನನಗೆ ನಗು ಬಂತು. "ಅತ್ತಿಗೆ ಏನು ಕೊಡೂದು ಅಕ್ಕಾ? ಮನಿ ಮಂದಿ."

ಅಕ್ಕ ನಗಲಿಲ್ಲ. "ನಾಳೆ ಅವರ ಕೈ ಕಾಲು ನಡಿಲಿಲ್ಲಂದ್ರ ಯಾರನ್ನ ಇಟ್ಕೊಂತಿ? ಬಂದಾಕಿಗೆ ಪುಕ್ಕಟೆ ಮಾಡು ಅಂತಿಯೇನು? ಅತ್ತಿ ಪಗಾರ ಬರೀಲಿಲ್ಲಂದ್ರ ನಿನ್ನ ಲೆಕ್ಕ ಅಷ್ಟೂ ಸುಳ್ಳು."

ಬಸ್ಸಿನಲ್ಲಿ ಬಳ್ಳಾರಿಗೆ ಮರಳುವಾಗ ದಾರಿಯುದ್ದಕ್ಕೂ ಅದೊಂದೇ ಮಾತು ತಲೆಯಲ್ಲಿ ಸುತ್ತಿತು.

ಮಾರನೆಯ ದಿನವೇ ಬ್ಯಾಂಕಿಗೆ ಹೋಗಿ ನನ್ನ ಹೆಸರಿನಲ್ಲಿ ಖಾತೆ ತೆರೆದೆ. ರೊಕ್ಕ ಹಾಕಲು ಸ್ಕ್ಯಾನ್ ಮಾಡುವ ಚೀಟಿಯನ್ನು ಬಾಗಿಲ ಪಕ್ಕ ಅಂಟಿಸಿದೆ. ಫ್ರಿಜ್ಜಿನ ಮೇಲೆ ಒಂದು ಡೈರಿ ಇಟ್ಟೆ. ಯಾವ ಮಗು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು, ಅವತ್ತು ಏನು ತಂದೆ, ಎಲ್ಲ ಅದರಲ್ಲಿ. ಕಿರಾಣಿ ಅಂಗಡಿಯವನಿಗೆ ಮನೆಯದೊಂದು, ಮಕ್ಕಳದೊಂದು ಎರಡು ಬಿಲ್ಲು ಕೊಡು ಎಂದರೆ, "ಏನ್ರೀ ಮೇಡಂ, ಮನಿ ಪಾಲಾತೇನು?" ಎಂದು ನಕ್ಕ. ಮೊದಮೊದಲು ಬಿಲ್ಲುಗಳನ್ನು ಒಂದು ಚೀಲದಲ್ಲಿ ತುಂಬಿಟ್ಟೆ. ಬೇಸಿಗೆ ಬಂದಾಗ ತೆಗೆದು ನೋಡಿದರೆ ಅರ್ಧಕ್ಕರ್ಧ ಬಿಲ್ಲುಗಳಲ್ಲಿ ಅಕ್ಷರವೇ ಇಲ್ಲ. ಮಿಷನ್ನಿನಲ್ಲಿ ಬರುವ ಆ ನುಣುಪು ಕಾಗದ ನಮ್ಮ ಊರಿನ ಸೆಕೆಗೆ ಬೆಳ್ಳಗಾಗಿಬಿಟ್ಟಿತ್ತು. ಅಂದಿನಿಂದ ಬಿಲ್ಲು ಕೈಗೆ ಬಂದ ಕೂಡಲೇ ಫೋನಿನಲ್ಲಿ ಫೋಟೊ ಹೊಡೆದಿಡುತ್ತೇನೆ.

ಸಿರುಗುಪ್ಪಕ್ಕೆ ಹೋದಾಗ ಮಕ್ಕಳ ಪಾಲಿನ ಅಕ್ಕಿಗೆ ಅಣ್ಣನ ಕೈಗೆ ರೊಕ್ಕ ಕೊಡಲು ಹೋಗಿ ಬೈಸಿಕೊಂಡೆ. "ತವರುಮನಿಗೆ ವ್ಯಾಪಾರಕ್ಕ ಬಂದೀ ಏನವ್ವಾ?" ಎಂದು ಅಣ್ಣ ಎದ್ದೇ ಹೋದ. ಅತ್ತಿಗೆ ಮೆಲ್ಲಗೆ ನನ್ನ ಕೈಯಿಂದ ರೊಕ್ಕ ತೆಗೆದುಕೊಂಡು, "ನೀ ಕೊಡು, ಅವರಿಗೇನು ತಿಳೀತೈತಿ? ಭತ್ತದ ನಾಟಿ ಆಳಿಗೆ ಪುಕ್ಕಟೆ ಬರ್ರಿ ಅಂದ್ರ ಬರ್ತಾರೇನು?" ಎಂದು ಸೆರಗಿಗೆ ಕಟ್ಟಿಕೊಂಡಳು. ಈಗಲೂ ಆ ವ್ಯವಹಾರ ನಾವಿಬ್ಬರದೇ.

ಎಲ್ಲಕ್ಕಿಂತ ಕಷ್ಟದ್ದು ಅತ್ತೆಯ ಪಗಾರ. ತಿಂಗಳ ಮೊದಲ ದಿನ ಎರಡು ಸಾವಿರ ತಂದು ಅವರ ಮುಂದಿಟ್ಟೆ.

"ಏನಿದು?"

"ನಿಮ್ಮ ಪಗಾರ ಅತ್ತಿ."

ಅವರ ಮುಖ ಕೆಂಪಾಯಿತು. "ನಾನೇನು ನಿಮ್ಮನಿ ಆಳೇನು? ಮಗನ ಮನ್ಯಾಗ ಕೂತು ಕೂಲಿ ತಗೋಬೇಕಾ ನಾನು?"

ರೊಕ್ಕ ಅಲ್ಲೇ ಬಿಟ್ಟು ಎದ್ದು ಹೋದರು. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಮಕ್ಕಳನ್ನು ತಟ್ಟಿ ಮಲಗಿಸಿದರು, ಆದರೆ ಗುನುಗಲಿಲ್ಲ. ಎರಡು ದಿನ ನನ್ನ ಜೊತೆ ಮಾತಿಲ್ಲ. ಗಂಡ ನನ್ನನ್ನೇ ಬೈದರು: "ನಿನ್ನ ಲೆಕ್ಕದ ಹುಚ್ಚಿಗೆ ಅವ್ವನ ಮನಸು ಯಾಕ ನೋಯಿಸ್ತಿ?" ಅಕ್ಕನ ಮಾತು ಕೇಳಿ ಕೆಟ್ಟೆನೇನೋ ಎಂದು ನನಗೂ ಅನ್ನಿಸಿತು.

ಮೂರನೆಯ ದಿನ ಸಂಜೆ ನರ್ಸ್ ಕೂಸನ್ನು ಕರೆದೊಯ್ಯಲು ಇಳಿದು ಬಂದಾಗ ಅತ್ತೆ ಆಕೆಯ ಮುಂದೆ ನನ್ನ ದೂರು ತೆಗೆದರು. "ನೋಡವ್ವಾ, ನಮ್ಮ ಸೊಸಿ ನನಗ ಪಗಾರ ಕೊಡ್ತಾಳಂತ! ಮಕ್ಕಳನ್ನ ಮಲಗಸಾಕ ಯಾರಾರ ರೊಕ್ಕ ತಗೊಂತಾರೇನು?"

ನರ್ಸ್ ಕೂಸನ್ನು ಎತ್ತಿಕೊಳ್ಳುತ್ತ ಹೇಳಿದಳು: "ನಾ ತಗೊಂತೀನಲ್ಲ ಅಜ್ಜಿ. ನಮ್ಮ ವಾರ್ಡಿನಾಗ ದಿನಾ ಕೂಸು ಮಲಗಸ್ತೀನಿ, ಹಾಲು ಕುಡಸ್ತೀನಿ, ಬಟ್ಟಿ ಬದಲಿ ಮಾಡ್ತೀನಿ. ತಿಂಗಳಿಗೆ ಪಗಾರ ಎಣಿಸ್ಕೊಂಡು ಬರ್ತೀನಿ. ನನಗೇನು ಮಾನ ಹೋಗೇತೇನು?"

ಅವಳು ಮೇಲೆ ಹತ್ತಿ ಹೋದ ಮೇಲೆ ಅತ್ತೆ ಬಹಳ ಹೊತ್ತು ಹೊಸ್ತಿಲಲ್ಲಿ ಕೂತಿದ್ದರು. ಆಮೇಲೆ ಅಡುಗೆಮನೆಗೆ ಬಂದು ಕೈ ಚಾಚಿದರು.

"ಎಲ್ಲಿಟ್ಟೀ? ಇಲ್ಲಿ ಕೊಡು."

ಸೋಮವಾರ ಮಕ್ಕಳು ಬರುವ ಮೊದಲೇ ಆಟೊ ಹಿಡಿದು ಒಬ್ಬರೇ ಹಲಕುಂದಿ ಮಠಕ್ಕೆ ಹೋಗಿ ಬಂದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಮಕ್ಕಳಿಗೆ ಬೆಂಡು ಬತ್ತಾಸಿನ ಪೊಟ್ಟಣ. ಚಪ್ಪಲಿ ಬಿಡುತ್ತಲೇ ಮಗನನ್ನು ಕರೆದು ಹೇಳಿದರು: "ಸಣ್ಣಾಕಿ ಇದ್ದಾಗಿಂದ ಆ ಮಠಕ್ಕ ಹೋಗೀನಿ. ಅಪ್ಪನ ರೊಕ್ಕ ಹಾಕೀನಿ, ನಿಮ್ಮಪ್ಪನ ರೊಕ್ಕ ಹಾಕೀನಿ, ನಿನ್ನ ರೊಕ್ಕ ಹಾಕೀನಿ. ಇವತ್ತು ನಂದು ಹಾಕಿ ಬಂದೆ."

ಆ ದಿನದಿಂದ ಗಂಡ ನನ್ನ ಲೆಕ್ಕವನ್ನು ಹುಚ್ಚು ಎನ್ನಲಿಲ್ಲ.

ಮೂರು ತಿಂಗಳು ಬರೆದಾದ ಮೇಲೆ ಕೂಡಿಸಿ ಭಾಗಿಸಿ ನೋಡಿದೆ. ಬಾಡಿಗೆಯ ಪಾಲು, ಕೂಲರಿನ ಸವಕಳಿ, ಅಕ್ಕಿ, ಅತ್ತೆಯ ಪಗಾರ ಎಲ್ಲ ಸೇರಿ ಒಂದು ಮಗುವಿಗೆ ತಿಂಗಳಿಗೆ ಸಾವಿರದ ಮುನ್ನೂರು ಖರ್ಚು. ಉಳಿಯುವುದು ಇನ್ನೂರು. ಏಳು ಮಕ್ಕಳಿಂದ ನನ್ನ ಒಂದು ತಿಂಗಳ ದುಡಿಮೆಗೆ ಸಿಗುತ್ತಿದ್ದದ್ದು ಸಾವಿರದ ನಾನೂರು. ಅಷ್ಟನ್ನು ನೋಡಿ ಅಳು ಬರಬೇಕಿತ್ತು. ನನಗೆ ಮಾತ್ರ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ರೊಕ್ಕ ಎಲ್ಲಿ ಹೋಯಿತು ಎಂದು ಕೇಳಿದರೆ ಇನ್ನು ಮುಂದೆ ನಾನು ಹೇಳಬಲ್ಲೆ. ಅದಕ್ಕಿಂತ ಮುಖ್ಯವಾಗಿ, ಎಷ್ಟು ಕೇಳಬೇಕು ಎಂಬುದೂ ಈಗ ಗೊತ್ತು.

"ಫೀಸು ಎರಡು ಸಾವಿರದ ಇನ್ನೂರು ಮಾಡ್ತೀನಿ," ಎಂದೆ.

"ಎಲ್ಲಾರೂ ಬಿಟ್ಟು ಹೋಗ್ತಾರ ನೋಡು," ಅಂದರು ಗಂಡ.

ಮುಂದಿನ ಭಾನುವಾರ ಸಂಜೆ ತಾಯಂದಿರನ್ನೆಲ್ಲ ಕರೆದೆ. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿದ್ದೆ. ಎಲ್ಲರೂ ತಿಂದು ಚಹಾ ಕುಡಿಯುವಾಗ ಹೊಸ ಫೀಸು ಹೇಳಿದೆ. ಸಂಜೆ ಆರೂವರೆಯ ನಂತರ ಬಂದರೆ ಅದಕ್ಕೆ ಬೇರೆ ಎಂದೂ ಹೇಳಿದೆ. ಒಳಗೆ ಗಂಡ ಕೆಮ್ಮಿದರು.

ಟೀಚರು ಕೇಳಿದರು: "ಒಂದೇ ಸಲಕ್ಕ ಇಷ್ಟು ಯಾಕ್ರಿ?"

ನಾನು ಡೈರಿ ತೆಗೆದು ಓದಿದೆ. ಹಾಲಿಗೆ ಇಷ್ಟು, ಅಕ್ಕಿಗೆ ಇಷ್ಟು, ಗ್ಯಾಸಿಗೆ ಇಷ್ಟು. ಅತ್ತೆಯ ಪಗಾರಕ್ಕೆ ಬಂದಾಗ ಟೀಚರು ಕೈ ಎತ್ತಿದರು.

"ಅಜ್ಜಿಗೆ ಎಷ್ಟಂದ್ರಿ?"

"ಎರಡು ಸಾವಿರ."

ಈಗ ಜಗಳ ಶುರುವಾಯಿತು ಅಂದುಕೊಂಡೆ. ಟೀಚರು ಉಳಿದವರ ಕಡೆ ತಿರುಗಿದರು. "ನನ್ನ ಮಗ ಅವರ ಕೈಯಾಗ ಬಿಟ್ರ ಬ್ಯಾರೆ ಯಾರ ಕೈಯಾಗೂ ಮಲಗಂಗಿಲ್ಲ. ಅವರಿಗೆ ಬರೇ ಎರಡು ಸಾವಿರ ಅಂದ್ರ ಹೆಂಗ್ರೀ?"

ಅಲ್ಲಿಂದ ಮಾತಿನ ದಿಕ್ಕೇ ಬದಲಾಯಿತು. ನರ್ಸ್ ಒಪ್ಪಿದಳು, ಟೀಚರು ಒಪ್ಪಿದರು, ಇನ್ನಿಬ್ಬರೂ ಒಪ್ಪಿದರು. ಒಂದು ಮನೆಯವರು ಮಾತ್ರ ಕೇಳಿ ಹೇಳುತ್ತೇವೆ ಎಂದು ಹೋದವರು ಮತ್ತೆ ಮಗುವನ್ನು ಕಳಿಸಲಿಲ್ಲ. ಆ ಮಗುವಿನ ತಟ್ಟೆ ಬಹಳ ದಿನ ಕಪಾಟಿನಲ್ಲಿ ಹಾಗೇ ಇತ್ತು.

ಎಲ್ಲರೂ ಎದ್ದ ಮೇಲೂ ಜೀನ್ಸ್ ಹೊಲಿಯುವ ಹುಡುಗಿ ಕೂತೇ ಇದ್ದಳು. ಅವಳ ತವರು ಆಂಧ್ರದ ಗಡಿಯ ಹಳ್ಳಿ, ಸಂಕಟವಾದಾಗ ತೆಲುಗು ಬರುತ್ತದೆ. "ಅಕ್ಕಾ, ನಾದಿ... ನಂದು ಪೀಸ್ ಲೆಕ್ಕ. ಹೊಲಿದಷ್ಟೇ ರೊಕ್ಕ. ಎರಡು ಮಕ್ಕಳಿಗೆ ಅಷ್ಟು ಕೊಡಾಕ ನನ್ನ ಕೈಲಿ ಆಗಂಗಿಲ್ಲ. ಹಂಗಂತ ಬಿಡಿಸ್ಕೊಂಡು ಎಲ್ಲಿಗೆ ಹೋಗ್ಲಿ?"

ಅವಳನ್ನು ಕಳಿಸುವುದು ನನ್ನಿಂದ ಆಗದು. ಅವಳೊಬ್ಬಳಿಗೆ ಕಡಿಮೆ ಮಾಡಿದರೆ ಉಳಿದವರಿಗೆ ಏನು ಹೇಳಲಿ? ಆಗ ಹರಿದ ಚಾಪೆಗಳ ಮೇಲೆ ಕಣ್ಣು ಬಿತ್ತು.

"ನಿನ್ನ ಮನ್ಯಾಗ ಮಿಷನ್ ಐತಲ್ಲ? ಮಕ್ಕಳಿಗೆ ಹಾಸಿಗಿ ಹೊಲಿದು ಕೊಡ್ತೀಯಾ?"

ಘಟಕದಲ್ಲಿ ಕತ್ತರಿಸಿ ಉಳಿದ ಜೀನ್ಸ್ ತುಂಡುಗಳನ್ನು ಕೆಜಿ ಲೆಕ್ಕದಲ್ಲಿ ಮಾರುತ್ತಾರೆ. ಗಂಡ ಒಂದು ಮೂಟೆ ತಂದರು. ಅವಳು ನೀಲಿ, ಕಪ್ಪು, ಬೂದು ತುಂಡುಗಳನ್ನು ಜೋಡಿಸಿ, ಒಳಗೆ ಹಳೆ ಸೀರೆ ತುಂಬಿ, ಎಂಥ ಹಾಸಿಗೆ ಹೊಲಿದಳೆಂದರೆ, ಬಂದ ತಾಯಂದಿರೆಲ್ಲ ನಮಗೂ ಬೇಕು ಅನ್ನತೊಡಗಿದರು. ಅಕ್ಕನಿಗೆ ಫೋನ್ ಮಾಡಿ ಇದನ್ನು ಹೇಗೆ ಬರೆಯಲಿ ಎಂದು ಕೇಳಿದೆ.

"ಅವಳ ಫೀಸು ಪೂರಾ ಬಂತು ಅಂತ ಬರಿ. ಹೊಲಿಗೆಗೆ ಕೊಟ್ಟೆ ಅಂತ ಖರ್ಚೂ ಬರಿ. ದಾನ ಮಾಡಿದೆ ಅಂತ ಮಾತ್ರ ಬರೀಬ್ಯಾಡ. ಆಕಿ ದುಡಿದಾಳ."

ಹಾಗೇ ಬರೆದೆ. ಈಗ ಅವಳು ಆ ಹಾಸಿಗೆಗಳನ್ನು ಮಾರುತ್ತಾಳೆ. ಫೀಸನ್ನು ರೊಕ್ಕದಲ್ಲೇ ಕೊಡುತ್ತಾಳೆ.

ವರ್ಷ ಮುಗಿದಾಗ ಎಲ್ಲ ಕಾಗದ ಹಿಡಿದು ಒಬ್ಬ ಆಡಿಟರ ಹತ್ತಿರ ಹೋದೆ. ಅವರು ಸಾವಧಾನವಾಗಿ ನೋಡಿ, "ಟ್ಯಾಕ್ಸ್ ಏನೂ ಬರಂಗಿಲ್ರಿ. ಆದ್ರೂ ರಿಟರ್ನ್ ಹಾಕಿಡ್ರಿ, ನಾಳೆ ಬ್ಯಾಂಕಿಗೆ ಬೇಕಾಗ್ತೈತಿ," ಅಂದರು. ಕಂಪ್ಯೂಟರಿನಲ್ಲಿ ತುಂಬುತ್ತ ಕೇಳಿದರು: "ಉದ್ಯೋಗ ಏನಂತ ಹಾಕ್ಲಿ?"

ರೇಷನ್ ಕಾರ್ಡು, ಮಗನ ಶಾಲೆಯ ಅರ್ಜಿ, ಎಲ್ಲ ಕಡೆಯೂ ಆ ಜಾಗದಲ್ಲಿ ಗೃಹಿಣಿ ಎಂದೇ ಬರೆಸಿ ರೂಢಿಯಾದವಳು ನಾನು. ಅವತ್ತು ಹೇಳಿದೆ: "ಮಕ್ಕಳ ಪಾಲನೆ. ಸ್ವಂತ ಉದ್ಯೋಗ." ಅವರು ತಲೆ ಎತ್ತದೆ ಟೈಪ್ ಮಾಡಿದರು. ಅವರಿಗೆ ಅದು ದಿನದ ಕೆಲಸ. ನಾನು ಮಾತ್ರ ಮೆಟ್ಟಿಲಿಳಿದು ಬೀದಿಗೆ ಬಂದವಳು ಆಟೊ ಹತ್ತದೆ ಮನೆತನಕ ನಡೆದೇ ಹೋದೆ. ಕೋಟೆ ಗುಡ್ಡದ ಮೇಲಿನ ಬಂಡೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಬೆವರು ಸುರಿಯುತ್ತಿತ್ತು, ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಆಡಿಟರು ಹೇಳಿದ್ದು ನಿಜವಾಯಿತು. ಪಕ್ಕದ ಮನೆ ಖಾಲಿಯಾದಾಗ ಅದನ್ನೂ ಮಕ್ಕಳಿಗಾಗಿ ಹಿಡಿಯಬೇಕೆಂದು ಸಾಲ ಕೇಳಲು ಹೋದೆ. ಬ್ಯಾಂಕಿನ ಮೇಡಂ ಮೊದಲು, "ಯಜಮಾನ್ರ ಪಗಾರದ ಸ್ಲಿಪ್ ತಂದೀರೇನ್ರಿ?" ಎಂದರು. ನಾನು ನನ್ನ ಖಾತೆಯ ಪಾಸ್‌ಬುಕ್ಕು, ನನ್ನ ರಿಟರ್ನು, ನನ್ನ ವರ್ಷದ ಲೆಕ್ಕ ಮುಂದಿಟ್ಟೆ. ಅವರು ಒಂದೊಂದೇ ತಿರುವಿ ನೋಡಿ, "ಇಷ್ಟು ಸಾಕ್ರಿ. ಯಜಮಾನ್ರದ್ದು ಬ್ಯಾಡ," ಅಂದರು. ಸಾಲ ಬಂತು.

ಆ ರೊಕ್ಕದಲ್ಲಿ ಹೊಸ ಮನೆಗೆ ಮುಂಗಡ ಕೊಟ್ಟೆ, ಬಾಗಿಲಿಗೆ ಗ್ರಿಲ್ ಹಾಕಿಸಿದೆ, ಇನ್ವರ್ಟರ್ ಕೊಂಡೆ. ಮಕ್ಕಳು ಹತ್ತಾದರು. ಕೆಲಸಕ್ಕೆ ಇನ್ನೊಬ್ಬ ಹೆಂಗಸನ್ನು ಇಟ್ಟುಕೊಂಡೆ. ಅವಳ ಪಗಾರ ಗೊತ್ತುಮಾಡುವಾಗ ಒಂದು ಕ್ಷಣವೂ ತಡಕಾಡಬೇಕಾಗಲಿಲ್ಲ.

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಹೊರಗೆ ಬೆಂಕಿಯಂಥ ಬಿಸಿಲು. ಬೀದಿಯ ಎಲ್ಲ ಮನೆಗಳ ಕೂಲರುಗಳ ಸದ್ದು ಒಮ್ಮೆಗೇ ನಿಂತಿತು, ಜನ ಬೀಸಣಿಗೆ ಹಿಡಿದು ಕಟ್ಟೆಗೆ ಬಂದರು. ನಮ್ಮ ಪಡಸಾಲೆಯಲ್ಲಿ ಫ್ಯಾನುಗಳು ಒಂದು ಸಲ ತಡವರಿಸಿ ಮತ್ತೆ ತಿರುಗಿದವು. ಹತ್ತು ಮಕ್ಕಳು ಜೀನ್ಸ್ ಹಾಸಿಗೆಗಳ ಮೇಲೆ ಅಡ್ಡಾದಿಡ್ಡಿ ಬಿದ್ದು ಮಲಗಿದ್ದವು. ಒಂದೂ ಏಳಲಿಲ್ಲ. ಅತ್ತೆ ನಡುವೆ ಕೂತು ಮೇಲೆ ನೋಡಿದರು, ನನ್ನನ್ನು ನೋಡಿದರು.

"ಇಲ್ಲಿ ಬಾ," ಎಂದು ಪಿಸುಗುಟ್ಟಿದರು. "ಮಕ್ಕಳು ಹತ್ತಾಗ್ಯಾವ. ನನ್ನ ಪಗಾರ ಮಾತ್ರ ಇದ್ದಲ್ಲೇ ಐತಿ."

"ಎಷ್ಟು ಬೇಕು ಅತ್ತಿ?"

"ನಾಲ್ಕು ಸಾವಿರ. ಮತ್ತ ಅಮಾಸಿಗೆ ರಜಾ."

"ಮೂರೂವರಿ," ಎಂದೆ.

"ಅಮಾಸಿ ರಜಾ?"

"ಕೊಡ್ತೀನಿ."

ಪಕ್ಕದ ಮಗು ಮಗ್ಗುಲು ಬದಲಿಸಿದಾಗ ಅತ್ತೆ ಅದರ ಬೆನ್ನು ತಟ್ಟುತ್ತ ತಲೆ ಆಡಿಸಿದರು. "ಆತು. ಮುಂದಿನ ತಿಂಗಳಿಂದಲ್ಲ ಮತ್ತ, ಈ ತಿಂಗಳಿಂದ."